ಹಳೇ ಬೋಟ್ ಎಂಜಿನ್ನಿನ ಸಿಲಿಂಡರ್ ಹೆಡ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಬೋಟ್ ಎಂಜಿನ್ ಇಟ್ಟುಕೊಂಡವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೆಡ್ ತಾನಾಗಿ ಕೆಡುವುದು ಬಹಳ ಅಪರೂಪ. ನೀರು ಸರಿಯಾಗಿ ಹರಿಯದೆ ಅದು ಕಾದಿರುತ್ತದೆ, ಇಲ್ಲವೇ ಉಪ್ಪುನೀರು ಅದನ್ನು ಒಳಗಿಂದ ತಿಂದಿರುತ್ತದೆ. ಆ ಕಾರಣ ಕೈಗೆ ಸಿಗದೆ ಹೆಡ್ಡನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ಕೆಲಸ ಅರ್ಧವೇ.

## ಮೊದಲು ತಿಳಿಯಬೇಕಾದದ್ದು

ಹೆಡ್ ಅಂದ್ರೆ ಸಿಲಿಂಡರಿನ ಮುಚ್ಚಳ ತಾನೇ? ಅದರಲ್ಲಿ ಕೆಡೋಕೆ ಏನಿದೆ?

ಕೆಲವು ಎಂಜಿನ್‌ಗಳಲ್ಲಿ ಅದು ನಿಜಕ್ಕೂ ಮುಚ್ಚಳವೇ. ಅಟಾಮಿಕ್ ಫೋರ್ ತರಹದ ಹಳೆಯ ಸೈಡ್ ವಾಲ್ವ್ ಪೆಟ್ರೋಲ್ ಎಂಜಿನ್ನಿನಲ್ಲಿ ವಾಲ್ವುಗಳು ಬ್ಲಾಕಿನಲ್ಲೇ, ಅಂದರೆ ಸಿಲಿಂಡರುಗಳಿರುವ ಕೆಳಗಿನ ಎರಕದಲ್ಲೇ, ಇರುತ್ತವೆ. ಹೆಡ್ಡಿನಲ್ಲಿರುವುದು ಉರಿಯುವ ಜಾಗ, ನೀರಿನ ದಾರಿ, ಸ್ಪಾರ್ಕ್ ಪ್ಲಗ್ಗಿನ ತೂತು, ಅಷ್ಟೇ. ಪರ್ಕಿನ್ಸ್ 4.108ರಂಥ ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ವಾಲ್ವು, ಅದು ಕೂರುವ ಸೀಟು, ಅದರ ಕಾಂಡ ಆಡುವ ಗೈಡು, ಇಂಜೆಕ್ಟರು, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಇವೆಲ್ಲದರ ಸುತ್ತ ಹರಿಯುವ ನೀರು, ಎಲ್ಲವೂ ಒಂದೇ ಎರಕದೊಳಗೆ. ಒಂದು ಗೋಡೆಯ ಈಚೆ ಬೆಂಕಿ, ಆಚೆ ನೀರು, ನಡುವೆ ಕೆಲವೇ ಮಿಲಿಮೀಟರ್ ಲೋಹ. ನೀರು ನಿಂತರೆ ಆ ಗೋಡೆ ಕೆಲವೇ ನಿಮಿಷದಲ್ಲಿ ಸೊಟ್ಟಗಾಗಬಹುದು, ಬಿರಿಯಬಹುದು.

ಬಿಚ್ಚದೇನೇ ಹೆಡ್ ಹೋಗಿದೆ ಅಂತ ಹೇಗೆ ಹೇಳೋದು?

ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದೊಳಗೆ ಕೂಲಂಟ್ ಹೋಸನ್ನು ಹಿಸುಕಿ ನೋಡಿ. ನೀರು ಇನ್ನೂ ಕಾದಿರುವುದೇ ಇಲ್ಲ. ಆದರೂ ಹೋಸು ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಒತ್ತಡ ನೀರಿನ ಕಡೆಗೆ ನುಗ್ಗುತ್ತಿದೆ. ಹೆಡರ್ ಟ್ಯಾಂಕಿನ (ಕೂಲಂಟ್ ತುಂಬುವ ಟ್ಯಾಂಕಿನ) ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ಬಿಡದೆ ಬರುತ್ತಿದ್ದರೆ ಅದೂ ಇದೇ ಸೂಚನೆ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಆ ಮುಚ್ಚಳ ತೆಗೆಯಬೇಡಿ. ನೀರು ಮುಖಕ್ಕೇ ಚಿಮ್ಮುತ್ತದೆ.

ಕಂಪ್ರೆಶನ್ ಗೇಜ್ ಇದ್ದರೆ ಪ್ರತಿ ಸಿಲಿಂಡರನ್ನೂ ಅಳೆಯಿರಿ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದು ಉಳಿದವು ಸರಿಯಿದ್ದರೆ, ಆ ಎರಡರ ನಡುವೆ, ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಕೂರುವ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಬಿಳಿ ಹೊಗೆಯನ್ನು ಮಾತ್ರ ನಂಬಬೇಡಿ. ಬೋಟಿನ ಹೊಗೆಯ ಜೊತೆಗೆ ಎಂಜಿನ್ನನ್ನು ತಂಪು ಮಾಡಿದ ನೀರೂ ಹೊರಬೀಳುವುದರಿಂದ ತಣ್ಣನೆಯ ದಿನ ಚೆನ್ನಾಗಿರುವ ಎಂಜಿನ್ನಿನಿಂದಲೂ ಆವಿ ಏಳುತ್ತದೆ.

ಎಣ್ಣೆ ಬೆಳ್ಳಗಾಗಿದೆ. ಹೆಡ್ ಗ್ಯಾಸ್ಕೆಟ್ಟೇ ಅಲ್ವಾ?

ಅಷ್ಟು ಬೇಗ ಹೇಳಲಾಗದು. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದಂತೂ ಖಚಿತ. ಎಲ್ಲಿಂದ ಸೇರಿತು ಎಂಬುದಕ್ಕೆ ಬೋಟಿನಲ್ಲಿ ಕನಿಷ್ಠ ನಾಲ್ಕು ದಾರಿಗಳಿವೆ. ಗೇರಿನಿಂದ ತಿರುಗುವ ಕಡಲ ನೀರಿನ ಪಂಪಿನ ಸೀಲ್ ಹೋಗಿ ನೀರು ನೇರ ಎಣ್ಣೆಗೆ ಇಳಿದಿರಬಹುದು. ಆಯಿಲ್ ಕೂಲರಿನ ಕೊಳವೆ ತೂತಾಗಿರಬಹುದು. ಎಕ್ಸಾಸ್ಟ್ ಕಡೆಯಿಂದ ನೀರು ವಾಪಸ್ ಹರಿದು, ತೆರೆದಿದ್ದ ವಾಲ್ವಿನ ಮೂಲಕ ಸಿಲಿಂಡರಿಗೆ ಬಂದು, ರಿಂಗುಗಳ ಪಕ್ಕದಿಂದ ಕೆಳಗಿಳಿದಿರಬಹುದು. ಹೆಡ್ ಅಥವಾ ಗ್ಯಾಸ್ಕೆಟ್ ಬರುವುದು ನಾಲ್ಕನೆಯದಾಗಿ.

ಸಿಹಿನೀರಿನ ಕೂಲಂಟ್ ಇರುವ ಎಂಜಿನ್ ಆದರೆ ಒಂದು ಸುಲಭ ಸುಳಿವಿದೆ. ಹೆಡರ್ ಟ್ಯಾಂಕಿನಲ್ಲಿ ಕೂಲಂಟ್ ಒಂದು ಹನಿಯೂ ಕಡಿಮೆಯಾಗದೆ ಎಣ್ಣೆ ಮಾತ್ರ ಬೆಳ್ಳಗಾಗಿದ್ದರೆ, ಒಳಗೆ ಬಂದದ್ದು ಹೊರಗಿನ ನೀರು. ಆಗ ಹೆಡ್ಡಿಗೆ ಕೈ ಹಾಕುವ ಮೊದಲು ಪಂಪು, ಆಯಿಲ್ ಕೂಲರ್, ಎಕ್ಸಾಸ್ಟ್ ಎಲ್ಬೋ (ಹೊಗೆಗೆ ನೀರು ಬೆರೆಯುವ ಬಾಗು ಕೊಳವೆ) ನೋಡಿ.

ಸಿಲಿಂಡರಿಗೆ ಉಪ್ಪುನೀರು ಹೋಗಿ ಎಂಜಿನ್ ತಿರುಗ್ತಾನೇ ಇಲ್ಲ. ಈಗಲೇ ಏನು ಮಾಡ್ಲಿ?

ಸ್ಟಾರ್ಟರ್ ಒತ್ತಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ನೀರಿಗೆ ಗುದ್ದಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಅಥವಾ ಪ್ಲಗ್ ಎಲ್ಲವನ್ನೂ ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿ ನೀರು ಹೊರಹಾಕಿ. ಪ್ರತಿ ತೂತಿಗೂ ತೆಳು ಎಣ್ಣೆ ಸುರಿದು ಮತ್ತೆ ತಿರುಗಿಸಿ. ಎಂಜಿನ್ ತಳದ ಸಂಪಿನ ಎಣ್ಣೆ ಅಂದೇ ಬದಲಿಸಿ. ಉಪ್ಪುನೀರು ತಾಗಿದ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯಲು ಕೆಲವು ಗಂಟೆ ಸಾಕು. ಹೆಡ್ ರಿಪೇರಿ ವಾರ ತಡವಾದರೂ ನಡೆಯುತ್ತದೆ, ಈ ಕೆಲಸ ನಾಳೆಗೆ ಇಡುವಂಥದ್ದಲ್ಲ.

ಎಂಜಿನ್ ಹಿಡಿಯದೆ ತುಂಬ ಹೊತ್ತು ಕ್ರ್ಯಾಂಕ್ ಮಾಡುವವರಿಗೆ ಇನ್ನೊಂದು ಮಾತು. ಅಷ್ಟು ಹೊತ್ತೂ ಪಂಪು ಎಕ್ಸಾಸ್ಟಿಗೆ ನೀರು ತುಂಬುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳಲು ಹೊಗೆಯ ಒತ್ತಡ ಇರುವುದಿಲ್ಲ. ಆಗ ಸೀಕಾಕ್ (ಕಡಲ ನೀರು ಒಳಬರುವ ಕವಾಟ) ಮುಚ್ಚಿಟ್ಟು ಪ್ರಯತ್ನಿಸಿ, ಎಂಜಿನ್ ಹಿಡಿದ ತಕ್ಷಣ ತೆರೆಯಿರಿ.

ಲೀಕ್ ನಿಲ್ಲಿಸೋ ಪುಡಿ ಹಾಕಿದ್ರೆ ಸಾಕಾಗಲ್ವಾ?

ದಡ ಸೇರಲು ಬೇರೆ ದಾರಿಯೇ ಇಲ್ಲದಿದ್ದರೆ ಹಾಕಿ. ಅದು ಬಿರುಕಿಗಿಂತ ಮೊದಲು, ಕಡಲ ನೀರಿನಿಂದ ಕೂಲಂಟನ್ನು ತಂಪು ಮಾಡುವ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಆಮೇಲೆ ಅದನ್ನು ತೆಗೆಯುವುದು ಇನ್ನೊಂದು ಕೆಲಸ. ಕಡಲ ನೀರು ನೇರ ಹರಿಯುವ ಎಂಜಿನ್ನಿನಲ್ಲಂತೂ ಹಾಕಿದ್ದೆಲ್ಲ ಹೊರಗೆ ಹೋಗುತ್ತದೆ.

## ಬಿಚ್ಚುವಾಗ

ನಟ್ ಎಲ್ಲಾ ಬಿಚ್ಚಿದ್ರೂ ಹೆಡ್ ಅಲ್ಲಾಡ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸ್ಲಾ?

ದಯವಿಟ್ಟು ಬೇಡ. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಬಿದ್ದ ಒಂದು ಗೀರು ಮುಂದೆ ಲೀಕಿನ ದಾರಿಯಾಗುತ್ತದೆ. ಮೊದಲು ಎಣಿಸಿ: ಮ್ಯಾನ್ಯುಯಲ್ಲಿನ ಚಿತ್ರದಲ್ಲಿರುವಷ್ಟು ನಟ್ಟುಗಳೂ ಬಂದಿವೆಯೇ? ರಾಕರ್ ಕವರಿನ ಕೆಳಗೆ, ಮ್ಯಾನಿಫೋಲ್ಡಿನ ಹಿಂದೆ ಒಂದು ಅಡಗಿರುವುದು ಸಾಮಾನ್ಯ.

ಹಳೆಯ ಬೋಟ್ ಎಂಜಿನ್ನಿನಲ್ಲಿ ಹೆಡ್ ಕಚ್ಚುವುದು ಬಹುತೇಕ ಸ್ಟಡ್ಡುಗಳಲ್ಲಿ, ಅಂದರೆ ಬ್ಲಾಕಿನಿಂದ ಮೇಲೆ ಬಂದು ನಟ್ ಕೂರುವ ಕಂಬಿಗಳಲ್ಲಿ. ಸ್ಟಡ್ಡಿಗೂ ಹೆಡ್ಡಿಗೂ ನಡುವಿನ ಸಂದಿಯಲ್ಲಿ ತುಕ್ಕು ಮತ್ತು ಉಪ್ಪು ಸಿಮೆಂಟಿನಂತೆ ಕೂತಿರುತ್ತದೆ. ಹೆಡ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಹೆಚ್ಚು. ಪ್ರತಿ ಸ್ಟಡ್ಡಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ದಿನಗಟ್ಟಲೆ ಬಿಡಿ, ನಡುನಡುವೆ ಸ್ಟಡ್ಡಿನ ತುದಿಗೆ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ. ಬಿಸಿ ಮಾಡುವುದಿದ್ದರೆ ಸ್ಟಡ್ಡಿನ ಬದಲು ಅದರ ಸುತ್ತಲಿನ ಹೆಡ್ಡನ್ನು ಕಾಯಿಸಿ. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಬೆಂಕಿ ಹಚ್ಚಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕಾಣದಂತೆ ಕೂತಿರುತ್ತದೆ.

ಇದಕ್ಕೂ ಬಗ್ಗದಿದ್ದರೆ ಎಂಜಿನ್ನಿನ ಬಲವನ್ನೇ ಬಳಸಬಹುದು. ಇಂಜೆಕ್ಟರುಗಳನ್ನು ಹಾಗೇ ಬಿಟ್ಟು, ಇಂಧನ ನಿಲ್ಲಿಸಿ, ನಟ್ಟುಗಳನ್ನು ಒಂದೆರಡು ಸುತ್ತು ಸಡಿಲವಾಗಿಟ್ಟು ಎಂಜಿನ್ ತಿರುಗಿಸಿದರೆ ಒಳಗಿನ ಒತ್ತಡ ಹೆಡ್ಡನ್ನು ಸಮವಾಗಿ ಮೇಲೆತ್ತುತ್ತದೆ. ಸಿಲಿಂಡರಿನಲ್ಲಿ ನೀರಿಲ್ಲ ಎಂದು ಖಚಿತವಾದ ಮೇಲೆ ಮಾತ್ರ ಇದನ್ನು ಮಾಡಿ. ಸುಲಭವಾಗಿ ಬಿಚ್ಚಿಕೊಳ್ಳುವ ನಟ್ಟುಗಳನ್ನೂ ಒಂದೇ ಸಲಕ್ಕೆ ಪೂರ್ತಿ ತೆಗೆಯಬಾರದು. ಹೊರಗಿನವುಗಳಿಂದ ಶುರುಮಾಡಿ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವೇ, ಎಂಜಿನ್ ಪೂರ್ತಿ ತಣ್ಣಗಿದ್ದಾಗ.

ಸ್ಟಡ್ ಮುರಿದು ಒಳಗೇ ಉಳಿದ್ರೆ?

ಬ್ಲಾಕಿನ ಮೇಲೆ ತುಸು ಚಾಚಿಕೊಂಡಿದ್ದರೆ ಅದರ ಮೇಲೊಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿ, ಇನ್ನೂ ಬಿಸಿಯಿದ್ದಾಗಲೇ ಸ್ಪಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತ ತಿರುಗಿಸಿ. ವೆಲ್ಡಿಂಗಿನ ಕಾವೇ ತುಕ್ಕಿನ ಹಿಡಿತವನ್ನು ಸಡಿಲಿಸುತ್ತದೆ. ಬ್ಲಾಕಿನ ಮಟ್ಟಕ್ಕೇ ಮುರಿದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು ಎಡಕ್ಕೆ ತಿರುಗುವ ಡ್ರಿಲ್ ಬಳಸಿ. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಕಳಚಿ ಬರುತ್ತದೆ. ತೆಗೆಯಲು ಬಳಸುವ ಗಟ್ಟಿ ಉಕ್ಕಿನ ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದರೆ ಅದನ್ನು ಸಾಮಾನ್ಯ ಡ್ರಿಲ್ ಕೊರೆಯುವುದಿಲ್ಲ, ಹಾಗಾಗಿ ಅದಕ್ಕೆ ಹೆಚ್ಚು ಬಲ ಹಾಕಬೇಡಿ. ಥ್ರೆಡ್ ಹಾಳಾದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಸುರುಳಿ ತಂತಿ) ಹಾಕಿಸಬಹುದು, ಅದು ಗಟ್ಟಿ ಪರಿಹಾರವೇ.

ಹಳೇ ಗ್ಯಾಸ್ಕೆಟ್ ಅಂಟಿಕೊಂಡಿದೆ. ಗ್ರೈಂಡರಿಗೆ ಬಟನ್ ಡಿಸ್ಕ್ ಹಾಕಿ ಉಜ್ಜಿದ್ರೆ ಬೇಗ ಆಗುತ್ತೆ, ಅಲ್ವಾ?

ಬೇಗ ಆಗುತ್ತದೆ, ಎಂಜಿನ್ ಕೂಡ ಬೇಗ ಹೋಗುತ್ತದೆ. ಆ ಡಿಸ್ಕಿನಿಂದ ಉದುರುವ ಸವೆತದ ಪುಡಿ ಎಣ್ಣೆಯ ದಾರಿಗೆ ಸೇರಿದರೆ ಬೇರಿಂಗುಗಳನ್ನು ತಿಂದುಹಾಕುತ್ತದೆ. ಮುಖದ ಲೋಹವೂ ಅಲ್ಲಲ್ಲಿ ತಗ್ಗಾಗುತ್ತದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಉಸಿರಿನದು. ಹಳೆಯ ಹೆಡ್ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಬಳಸುವುದು ಮಾಮೂಲಾಗಿತ್ತು. ಒಣಗಿದ್ದಾಗ ಕೆರೆಯಬೇಡಿ, ಗಾಳಿ ಹೊಡೆಯಬೇಡಿ. ಚೆನ್ನಾಗಿ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಕೆರೆಗತ್ತಿಯಿಂದ ನಿಧಾನ ತೆಗೆದು, ಬಂದದ್ದನ್ನೆಲ್ಲ ಒದ್ದೆಯಾಗಿಯೇ ಚೀಲದಲ್ಲಿ ಕಟ್ಟಿಡಿ.

ಹೆಡ್ ಕೈಗೆ ಬಂತು. ತೊಳೆಯೋಕೆ ಮುಂಚೆ ಏನಾದ್ರೂ ನೋಡಬೇಕಾ?

ತೊಳೆಯುವ ಮುಂಚೆಯೇ ನೋಡಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಮಾಹಿತಿ ಸಿಗುವುದು ಈ ಹತ್ತು ನಿಮಿಷದಲ್ಲೇ. ತೊಳೆದರೆ ಸಾಕ್ಷಿಯೂ ತೊಳೆದುಹೋಗುತ್ತದೆ. ಎಲ್ಲದರ ಫೋಟೋ ತೆಗೆದುಕೊಳ್ಳಿ.

ಮೊದಲು ಪಿಸ್ಟನ್ನುಗಳ ತಲೆ ನೋಡಿ. ಮೂರು ಕಪ್ಪಗೆ ಮಸಿ ಹಿಡಿದಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ನೀರು ಬರುತ್ತಿದ್ದದ್ದು ಆ ಸಿಲಿಂಡರಿಗೇ. ಬೆಂಕಿಗೆ ಬಿದ್ದ ನೀರು ಆವಿಯಾಗಿ ಮಸಿಯನ್ನು ಕಿತ್ತು ಒಯ್ದಿರುತ್ತದೆ. ಹೆಡ್ಡಿನಲ್ಲೂ ಅದೇ ಸಿಲಿಂಡರಿನ ಭಾಗ ಸ್ವಚ್ಛವಾಗಿರುತ್ತದೆ.

ಆಮೇಲೆ ಗ್ಯಾಸ್ಕೆಟ್ಟಿನ ಉಂಗುರಗಳು. ಸಿಲಿಂಡರಿನ ಸುತ್ತಲಿನ ಲೋಹದ ಉಂಗುರದಿಂದ ನೀರಿನ ತೂತಿನವರೆಗೆ ಕಪ್ಪು ಗೆರೆಯೊಂದು ಎಳೆದಂತೆ ಕಂಡರೆ ಒತ್ತಡ ತಪ್ಪಿಸಿಕೊಂಡ ದಾರಿ ಅದೇ. ಅಂಥ ಗೆರೆ ಎಲ್ಲೂ ಇಲ್ಲದೆ, ಗ್ಯಾಸ್ಕೆಟ್ ಇಡಿಯಾಗಿ ಚೆನ್ನಾಗಿದ್ದು, ನೀರು ಮಾತ್ರ ಸೋರಿದ್ದರೆ ಅನುಮಾನ ಬಿರುಕಿನ ಕಡೆಗೆ ತಿರುಗುತ್ತದೆ. ಎಕ್ಸಾಸ್ಟ್ ವಾಲ್ವಿನ ಕಾಂಡದಲ್ಲಿ ಕೆಂಪು ತುಕ್ಕು, ಹೊಗೆಯ ದಾರಿಯಲ್ಲಿ ಬಿಳಿ ಉಪ್ಪಿನ ಹುಡಿ ಕಂಡರೆ ನೀರು ಬಂದದ್ದು ಹಿಂದಿನಿಂದ, ಅಂದರೆ ಎಲ್ಬೋ ಕಡೆಯಿಂದ. ಹಾಗಿದ್ದರೆ ಹೆಡ್ಡಿನ ತಪ್ಪೇ ಇರಲಿಕ್ಕಿಲ್ಲ.

## ಅಳತೆ ಮತ್ತು ಪರೀಕ್ಷೆ

ಹೆಡ್ ಸೊಟ್ಟ ಆಗಿದೆಯೋ ಇಲ್ವೋ ಮನೇಲೇ ನೋಡಬಹುದಾ?

ನೋಡಬಹುದು. ಒಳ್ಳೆಯ ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಬೇಕು. ಸ್ಟೀಲ್ ಸ್ಕೇಲು ಸಾಲದು, ಅದೇ ಬಾಗಿರುತ್ತದೆ. ಸ್ವಚ್ಛ ಮಾಡಿದ ಮುಖದ ಮೇಲೆ ಉದ್ದಕ್ಕೆ ಎರಡೂ ಅಂಚಿನಲ್ಲಿ, ನಡುವೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಟ್ಟು ಕೆಳಗೆ ಫೀಲರ್ ತೂರುತ್ತದೆಯೇ ನೋಡಿ. ಸಣ್ಣ ಎಂಜಿನ್ನುಗಳಲ್ಲಿ ಮಿತಿ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಬ್ಲಾಕಿನ ಮುಖವನ್ನೂ ಹೀಗೇ ನೋಡಿ. ಎಲ್ಲರೂ ಹೆಡ್ ಅಳೆಯುತ್ತಾರೆ, ಬ್ಲಾಕನ್ನು ಬಿಡುತ್ತಾರೆ.

ಕಣ್ಣಿಗೆ ಬಿರುಕು ಕಾಣ್ತಿಲ್ಲ, ಆದ್ರೆ ನೀರು ಹೋಗ್ತಿದೆ. ಹುಡುಕೋದು ಹೇಗೆ?

ಬೇರೇನೂ ಸಾಧನವಿಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ಚೊಕ್ಕ ಮಾಡಿದ ಹೆಡ್ಡಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ ಒಣಗಿಸಿ ಓರೆ ಬೆಳಕಿನಲ್ಲಿ ನೋಡುತ್ತಿರಿ. ಸುತ್ತಲಿನ ಲೋಹ ಒಣಗಿದ ಮೇಲೂ ಬಿರುಕಿದ್ದಲ್ಲಿ ಕೂದಲಿನಷ್ಟು ತೆಳ್ಳನೆಯ ಒದ್ದೆ ಗೆರೆ ಉಳಿಯುತ್ತದೆ. ಡೈ ಪೆನಿಟ್ರೆಂಟ್ ಕಿಟ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ: ಕೆಂಪು ಬಣ್ಣ ಬಿರುಕಿಗೆ ಇಳಿಯುತ್ತದೆ, ಬಿಳಿ ಡೆವಲಪರ್ ಅದನ್ನು ಮೇಲಕ್ಕೆ ಹೀರಿ ತೋರಿಸುತ್ತದೆ. ಇದು ಕಾಸ್ಟ್ ಐರನ್, ಅಲ್ಯೂಮಿನಿಯಂ ಎರಡಕ್ಕೂ ಆಗುತ್ತದೆ. ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯ ಪರೀಕ್ಷೆ ಕಾಸ್ಟ್ ಐರನ್ನಿಗೆ ಮಾತ್ರ.

ಇವೆಲ್ಲ ಕಣ್ಣಿಗೆ ಕಾಣುವ ಜಾಗಕ್ಕಾಯಿತು. ಪೋರ್ಟಿನೊಳಗೆ, ಇಂಜೆಕ್ಟರಿನ ಹಿಂದೆ ಇರುವ ಬಿರುಕಿಗೆ ಪ್ರೆಶರ್ ಟೆಸ್ಟೇ ಬೇಕು. ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ಹೆಡ್ಡನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾರೆ. ಬಿಸಿನೀರೇ ಆಗಬೇಕೆಂದು ಹೇಳಿ ಮಾಡಿಸಿ. ತಣ್ಣಗಿದ್ದಾಗ ಮುಚ್ಚಿಕೊಂಡು, ಕಾದಾಗ ಮಾತ್ರ ಬಾಯಿ ಬಿಡುವ ಬಿರುಕುಗಳು ಬಹಳ. ನನ್ನ ಅಭಿಪ್ರಾಯದಲ್ಲಿ ಕಾದು ಕೆಟ್ಟ ಯಾವ ಹೆಡ್ಡಿಗೂ ಈ ಪರೀಕ್ಷೆ ಆಗದೆ ಇನ್ನೊಂದು ಕಾಸು ಖರ್ಚು ಮಾಡಬಾರದು.

ಎರಡು ವಾಲ್ವ್ ಸೀಟಿನ ಮಧ್ಯೆ ಸಣ್ಣ ಬಿರುಕಿದೆ. ಹೆಡ್ ಎಸೀಬೇಕಾ?

ತಕ್ಷಣ ಎಸೆಯಬೇಡಿ. ಹೆಡ್ಡಿನಲ್ಲೇ ಅತಿ ಹೆಚ್ಚು ಕಾಯುವ, ಅತಿ ಕಿರಿದಾದ ಜಾಗ ಅದು. ಡೀಸೆಲ್ ಹೆಡ್ಡುಗಳಲ್ಲಿ ಅಲ್ಲಿ ಮೇಲ್ಮೈ ಬಿರುಕು ಬರುವುದು ಸಾಮಾನ್ಯ. ಕೆಲವು ತಯಾರಕರು ಇಂತಿಷ್ಟು ಅಗಲದವರೆಗೆ ಪರವಾಗಿಲ್ಲ ಎಂದು ಮ್ಯಾನ್ಯುಯಲ್ಲಿನಲ್ಲೇ ಬರೆದಿರುತ್ತಾರೆ. ಮುಖ್ಯವಾದದ್ದು ಎರಡು: ಬಿರುಕು ಸೀಟಿನೊಳಗೆ ನುಗ್ಗಿದೆಯೇ, ನೀರಿನವರೆಗೆ ಮುಟ್ಟಿದೆಯೇ. ಎರಡೂ ಇಲ್ಲದೆ ಪ್ರೆಶರ್ ಟೆಸ್ಟಿನಲ್ಲಿ ಪಾಸಾದರೆ ಬಳಸಬಹುದು. ಸೀಟ್ ಇನ್ಸರ್ಟ್ ಸಡಿಲವಾಗಿದ್ದರೆ ಮಾತ್ರ ಬಿಡಬೇಡಿ. ಕಳಚಿ ಬಿದ್ದರೆ ಪಿಸ್ಟನ್ನನ್ನೂ ಜೊತೆಗೆ ಒಯ್ಯುತ್ತದೆ.

## ರಿಪೇರಿ

ಕಾಸ್ಟ್ ಐರನ್ ಹೆಡ್ಡಿಗೆ ವೆಲ್ಡಿಂಗ್ ನಿಲ್ಲಲ್ಲ ಅಂತಾರೆ. ನಿಜವಾ?

ಸಾಮಾನ್ಯ ರಾಡ್ ಹಿಡಿದು ಸಾಮಾನ್ಯವಾಗಿ ಮಾಡಿದರೆ ನಿಲ್ಲುವುದಿಲ್ಲ, ಅದು ನಿಜ. ಕಾಸ್ಟ್ ಐರನ್ನಿನಲ್ಲಿ ಇಂಗಾಲ ಶೇಕಡಾ 3ರ ಆಸುಪಾಸು ಇರುತ್ತದೆ. ಕರಗಿ ಬೇಗ ತಣಿದರೆ ವೆಲ್ಡಿನ ಪಕ್ಕದ ಪಟ್ಟಿ ಗಾಜಿನಷ್ಟು ಪೆಡಸಾಗುತ್ತದೆ, ತಣಿಯುವಾಗ ಕುಗ್ಗುವ ಎಳೆತಕ್ಕೆ ಅಲ್ಲೇ ಮತ್ತೆ ಬಿರಿಯುತ್ತದೆ. ರಿಪೇರಿ ಮಾಡಿದ ಗೆರೆಯ ಪಕ್ಕದಲ್ಲೇ ಹೊಸ ಗೆರೆ ಹುಟ್ಟುವುದು ಇದಕ್ಕೇ.

ಸರಿಯಾದ ದಾರಿಗಳು ಎರಡು. ಒಂದರಲ್ಲಿ ಇಡೀ ಹೆಡ್ಡನ್ನು ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ನಿಧಾನ ಕಾಯಿಸಿ, ಆ ಕಾವಿನಲ್ಲೇ ಕಾಸ್ಟ್ ಐರನ್ ಫಿಲ್ಲರಿನಿಂದ ಗ್ಯಾಸ್ ವೆಲ್ಡ್ ಮಾಡಿ, ಅಷ್ಟೇ ನಿಧಾನವಾಗಿ ತಣಿಸುತ್ತಾರೆ. ಬೆಸುಗೆ ಮೂಲ ಲೋಹದಂತೆಯೇ ಆಗುತ್ತದೆ. ಆದರೆ ಸೀಟು, ಗೈಡು, ಮುಖ ಎಲ್ಲವನ್ನೂ ಹೊಸದಾಗಿ ಮಷೀನಿಂಗ್ ಮಾಡಬೇಕು. ಇನ್ನೊಂದು ನಿಕ್ಕಲ್ ರಾಡ್: ಬಿರುಕಿನ ಎರಡೂ ತುದಿಗೆ ತೂತು ಹೊಡೆದು ಅದು ಮುಂದೆ ಓಡದಂತೆ ತಡೆದು, ವಿ ಆಕಾರಕ್ಕೆ ಕೆತ್ತಿ, ಒಂದು ಸಲಕ್ಕೆ ಒಂದು ಇಂಚಿನಷ್ಟೇ ಹಾಕಿ, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಕೈ ಮುಟ್ಟುವಷ್ಟು ತಣಿದ ಮೇಲೆ ಮುಂದಿನ ಇಂಚು. ಬೇಸರದ ಕೆಲಸ, ಆದರೆ ಆತುರಪಟ್ಟರೆ ಉಳಿಯದು. ಈ ಎರಡನೆಯದನ್ನು ನೀರಿನ ಕಡೆಯ ಹೊರಗೋಡೆಗೆ ಒಪ್ಪುತ್ತೇನೆ. ಬೆಂಕಿ ತಾಗುವ ಮುಖಕ್ಕೆ ಶಿಫಾರಸು ಮಾಡುವುದಿಲ್ಲ.

ಸ್ಟಿಚಿಂಗ್ ಅಂದ್ರೇನು? ವೆಲ್ಡಿಂಗಿಗಿಂತ ವಾಸಿಯಾ?

ಬಿಸಿಯೇ ಮಾಡದೆ ಬಿರುಕು ಕಟ್ಟುವ ವಿಧಾನ. ಬಿರುಕಿನ ಗೆರೆಯುದ್ದಕ್ಕೂ ತೂತು ಕೊರೆದು, ಥ್ರೆಡ್ ಹಾಕಿ, ಲೋಹದ ಸ್ಕ್ರೂ ಪಿನ್ನುಗಳನ್ನು ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ಸಾಲಾಗಿ ತಿರುಪುತ್ತಾರೆ. ಎರಡು ಬದಿ ದೂರ ಸರಿಯದಂತೆ ಅಡ್ಡಕ್ಕೆ ಬೀಗದ ಪಟ್ಟಿಗಳನ್ನು ಕೂರಿಸುತ್ತಾರೆ. ಕೊನೆಗೆ ಮೇಲ್ಮೈ ಸಮ ಮಾಡುತ್ತಾರೆ. ಕಾವು ಇಲ್ಲದ್ದರಿಂದ ಹೊಸ ಎಳೆತವೂ ಇಲ್ಲ, ಸೊಟ್ಟವೂ ಆಗುವುದಿಲ್ಲ. ಹಳೆಯ ಕಾಸ್ಟ್ ಐರನ್ ಹೆಡ್ಡಿಗೆ, ಲೋಹ ಸಾಕಷ್ಟು ದಪ್ಪ ಇರುವ ಕಡೆ, ನಾನು ಮೊದಲು ಕೇಳುವುದು ಇದನ್ನೇ. ತುಕ್ಕು ತಿಂದು ತೆಳ್ಳಗಾದ ಗೋಡೆಯಲ್ಲಿ ಪಿನ್ನಿಗೆ ಹಿಡಿತ ಸಿಗುವುದಿಲ್ಲ, ಅಲ್ಲಿ ಇದು ನಡೆಯದು.

ಅಲ್ಯೂಮಿನಿಯಂ ಹೆಡ್ಡಿನ ನೀರಿನ ತೂತುಗಳ ಸುತ್ತ ಉಪ್ಪು ತಿಂದು ಗುಳಿ ಬಿದ್ದಿದೆ. ತುಂಬಬಹುದಾ?

ಆರ್ಗಾನ್ ವೆಲ್ಡಿಂಗಿನಲ್ಲಿ ತುಂಬಿ, ಫೇಸಿಂಗ್ (ಮುಖವನ್ನು ಮಷೀನಿನಲ್ಲಿ ಕೆತ್ತಿ ಸಪಾಟು ಮಾಡುವುದು) ಮಾಡಿಸಬಹುದು. ಗೆಲ್ಲುವುದು ಸೋಲುವುದು ತಯಾರಿಯಲ್ಲಿದೆ. ಉಪ್ಪು, ಎಣ್ಣೆ ಲೋಹದ ಸೂಕ್ಷ್ಮ ರಂಧ್ರಗಳಿಗೆ ಇಳಿದಿರುತ್ತವೆ. ಹೊಳೆಯುವ ಹೊಸ ಲೋಹ ಕಾಣುವವರೆಗೆ ಕೆತ್ತದಿದ್ದರೆ ಬೆಸುಗೆಯಲ್ಲಿ ಕಪ್ಪು ಗುಳ್ಳೆ ಏಳುತ್ತಲೇ ಇರುತ್ತದೆ. ಬ್ರೇಕ್ ಕ್ಲೀನರಿನಿಂದ ತೊಳೆದು ನೇರ ವೆಲ್ಡಿಂಗಿಗೆ ಇಡಬೇಡಿ. ಕ್ಲೋರಿನ್ ಇರುವ ಕ್ಲೀನರಾದರೆ ಆರ್ಕಿನ ಕಾವಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಪ್ರಾಣಕ್ಕೇ ಅಪಾಯ.

ಅತಿಯಾಗಿ ಕಾದ ಅಲ್ಯೂಮಿನಿಯಂ ಹೆಡ್ ಮೆತ್ತಗೂ ಆಗಿರುತ್ತದೆ. ಫೇಸಿಂಗಿಗೆ ಮೊದಲು ಗಡಸುತನ ಪರೀಕ್ಷೆ ಮಾಡಿಸಿ. ಮೆತ್ತಗಾದ ಹೆಡ್ ಎಷ್ಟು ಸಪಾಟಾಗಿದ್ದರೂ ಬೋಲ್ಟಿನ ಕೆಳಗೆ ಕುಸಿದು ಗ್ಯಾಸ್ಕೆಟ್ ಮತ್ತೆ ಬಿಡುತ್ತದೆ.

ಎಪಾಕ್ಸಿ ಮೆತ್ತಿ ನಡೆಸಬಹುದಾ?

ನೀರಿನ ಕಡೆಯ ಗುಳಿಗೆ, ಹೊರಗೋಡೆಯ ಸಣ್ಣ ಸೋರಿಕೆಗೆ, ಲೋಹದ ಪುಡಿ ಬೆರೆತ ಒಳ್ಳೆಯ ಎಪಾಕ್ಸಿ ನಡೆಯುತ್ತದೆ. ಗ್ಯಾಸ್ಕೆಟ್ಟಿನ ಬೆಂಕಿ ಉಂಗುರ ಕೂರುವಲ್ಲಿ, ಸಿಲಿಂಡರಿನೊಳಗೆ, ಎಕ್ಸಾಸ್ಟ್ ಪೋರ್ಟಿನಲ್ಲಿ ನಡೆಯುವುದಿಲ್ಲ.

ಫೇಸಿಂಗ್ ಮಾಡಿಸ್ತೀನಿ. ಎಷ್ಟು ತೆಗೆಸಬಹುದು?

ಸಪಾಟಾಗಲು ಬೇಕಾದಷ್ಟು ಮಾತ್ರ, ಅದೂ ಮ್ಯಾನ್ಯುಯಲ್ಲಿನ ಕನಿಷ್ಠ ದಪ್ಪಕ್ಕಿಂತ ಕೆಳಗಿಳಿಯದಂತೆ. ಹಳೆಯ ಎಂಜಿನ್ನಾದ್ದರಿಂದ ಹಿಂದೆ ಯಾರೋ ಒಮ್ಮೆ ತೆಗೆಸಿರಬಹುದು, ಮೊದಲು ದಪ್ಪ ಅಳೆಯಿರಿ.

ಪೆಟ್ರೋಲಿಗಿಂತ ಡೀಸೆಲ್ಲಿನಲ್ಲಿ ಇದರ ಪರಿಣಾಮ ಜಾಸ್ತಿ. ಅಲ್ಲಿ ಪಿಸ್ಟನ್ನು ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ಉಳಿಯುವ ಜಾಗವೇ ಬಹಳ ಕಡಿಮೆ. ಮುಖ ಕೆತ್ತಿದಷ್ಟೂ ವಾಲ್ವುಗಳ ತಲೆ ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಇಂಜೆಕ್ಟರಿನ ಮೂತಿ ಹೆಚ್ಚು ಚಾಚುತ್ತದೆ. ಪ್ರೀಚೇಂಬರ್ ಇನ್ಸರ್ಟ್ (ಡೀಸೆಲ್ ಉರಿಯಲು ಶುರುವಾಗುವ ಸಣ್ಣ ಕೋಣೆಯ ಬಿಡಿ ತುಂಡು) ಇರುವ ಹೆಡ್ಡಾದರೆ ಅವೂ ಮುಖದ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಹೀಗಾಗಿ ಫೇಸಿಂಗ್ ಆದಮೇಲೆ ವಾಲ್ವುಗಳು ಮುಖದಿಂದ ಎಷ್ಟು ಒಳಗಿವೆ ಎಂದು ಡೆಪ್ತ್ ಗೇಜಿನಿಂದ ಅಳೆದು, ಬೇಕಿದ್ದರೆ ಸೀಟನ್ನು ಕತ್ತರಿಸಬೇಕು.

ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲೇ ಇದ್ದರೆ ಇನ್ನೊಂದು ತೊಡಕು. ಹೆಡ್ ಬಾಗಿದಾಗ ಕ್ಯಾಮಿನ ಬೇರಿಂಗ್ ಸಾಲೂ ಬಾಗಿರುತ್ತದೆ. ಕೆಳಮುಖ ಮಾತ್ರ ಕೆತ್ತಿ ಸಪಾಟು ಮಾಡಿದರೆ ಮೇಲಿನ ಸೊಟ್ಟ ಹಾಗೇ ಉಳಿದು ಕ್ಯಾಮ್ ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಅಂಥ ಹೆಡ್ಡನ್ನು ಮೊದಲು ಕಾವು ಕೊಟ್ಟು ನೇರ ಮಾಡಬೇಕು.

ವಾಲ್ವ್ ಪೇಸ್ಟ್ ಹಾಕಿ ಉಜ್ಜಿದ್ರೆ ಸಾಕಾ, ಸೀಟ್ ಕಟ್ಟಿಂಗ್ ಬೇಕಾ?

ಸೀಟಿನಲ್ಲಿ ಗುಳಿ ಇಲ್ಲದಿದ್ದರೆ ನುಣ್ಣನೆಯ ಪೇಸ್ಟೇ ಸಾಕು. ಸ್ವಲ್ಪ ತಿರುಗಿಸಿ, ಎತ್ತಿ, ಜಾಗ ಬದಲಿಸಿ, ಮತ್ತೆ ತಿರುಗಿಸಿ. ಸುತ್ತಲೂ ಎಲ್ಲೂ ತುಂಡಾಗದ ಬೂದು ಉಂಗುರ ಮೂಡಬೇಕು. ಆಮೇಲೆ ಪೇಸ್ಟನ್ನು ಲವಲೇಶವೂ ಇಲ್ಲದಂತೆ ತೊಳೆಯಿರಿ. ವಾಲ್ವ್ ಜೋಡಿಸಿ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಕೆಲವು ನಿಮಿಷ ಬಿಟ್ಟರೂ ಒಸರದಿದ್ದರೆ ಗೆದ್ದಿರಿ. ತುಕ್ಕಿನ ಗುಳಿ ಆಳವಾಗಿದ್ದರೆ ಪೇಸ್ಟಿನಿಂದ ಅದನ್ನು ಹೋಗಲಾಡಿಸಲು ಹೋಗಬೇಡಿ, ವಾಲ್ವ್ ತಗ್ಗಿಗೆ ಇಳಿದು ಡೀಸೆಲ್ಲಿನಲ್ಲಿ ಕಂಪ್ರೆಶನ್ ಕುಗ್ಗುತ್ತದೆ, ತಣ್ಣಗಿದ್ದಾಗ ಎಂಜಿನ್ ಹಿಡಿಯುವುದಿಲ್ಲ. ಗೈಡ್ ಸವೆದಿದ್ದರೆ ಅದನ್ನು ಮೊದಲು ಬದಲಿಸಿ, ಸೀಟ್ ಕೆಲಸ ಆಮೇಲೆ. ಸೀಟಿನ ನಡು ನಿರ್ಧಾರವಾಗುವುದು ಗೈಡಿನಿಂದ.

ಹೆಡ್ಡಿನೊಳಗಿನ ನೀರಿನ ದಾರಿ ಉಪ್ಪು ಕಟ್ಟಿ ಮುಚ್ಚಿದೆ. ಆಸಿಡ್ ಹಾಕ್ಲಾ?

ಹೆಡ್ ಯಾವ ಲೋಹ ಎಂಬುದರ ಮೇಲೆ ನಿಂತಿದೆ. ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ಅನ್ನು ನೊರೆಯೆಬ್ಬಿಸಿ ತಿನ್ನುತ್ತದೆ, ಮುಟ್ಟಲೇಬೇಡಿ. ಕಾಸ್ಟ್ ಐರನ್ ಹೆಡ್ಡಿಗೆ ಸಿಟ್ರಿಕ್ ಆಸಿಡ್ ಅಥವಾ ವಿನೆಗರಿನಂಥ ಸೌಮ್ಯವಾದದ್ದು ಸಾಕು, ಸಮಯ ಹಿಡಿಯುತ್ತದೆ. ಮೊದಲು ಸಡಿಲವಾದ ತುಕ್ಕಿನ ಹೆಪ್ಪನ್ನು ತಂತಿಯಿಂದ ಕೆದಕಿ ತೆಗೆಯಿರಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಸಿಹಿನೀರು ಸಾಕಷ್ಟು ಹರಿಸಿ. ದಪ್ಪ ತುಕ್ಕೇ ತೂತನ್ನು ಮುಚ್ಚಿಕೊಂಡಿರುವ ಸಂದರ್ಭವೂ ಇದೆ, ಆದ್ದರಿಂದ ಪ್ರೆಶರ್ ಟೆಸ್ಟನ್ನು ಈ ತೊಳೆತ ಮುಗಿದ ಮೇಲೆ ಮಾಡಿಸಿ.

## ಕೂಡಿಸುವುದು ಮತ್ತು ಆಮೇಲೆ

ಹೆಡ್ ಬೋಲ್ಟ್ ಬಿಗಿಯೋದ್ರಲ್ಲಿ ಅಂಥದ್ದೇನಿದೆ?

ಅರ್ಧಕ್ಕರ್ಧ ಸೋಲು ಇಲ್ಲೇ ಆಗುತ್ತದೆ. ಟಾರ್ಕ್ ವ್ರೆಂಚ್ ತೋರಿಸುವುದು ತಿರುಗಿಸಲು ಬೇಕಾದ ಬಲ. ಗ್ಯಾಸ್ಕೆಟ್ಟಿಗೆ ಬೇಕಾದದ್ದು ಬೋಲ್ಟಿನ ಎಳೆತ. ಥ್ರೆಡ್ ಕೊಳಕಾಗಿದ್ದರೆ ಬಲವೆಲ್ಲ ಉಜ್ಜಾಟಕ್ಕೇ ಹೋಗಿ ಅಂಕಿ ಸರಿ ಬರುತ್ತದೆ, ಎಳೆತ ಬರುವುದಿಲ್ಲ. ಅದಕ್ಕೇ ಥ್ರೆಡ್ಡುಗಳನ್ನು ಚೊಕ್ಕ ಮಾಡಿ, ಮ್ಯಾನ್ಯುಯಲ್ ಎಣ್ಣೆ ಸವರಿ ಬಿಗಿಯಲು ಹೇಳಿದೆಯೋ ಒಣಗಿದ್ದಾಗಲೋ ನೋಡಿ. ಬ್ಲಾಕಿನಲ್ಲಿ ತಳ ಮುಚ್ಚಿದ ತೂತಿದ್ದರೆ ಒಳಗೆ ಎಣ್ಣೆ, ನೀರು ನಿಂತಿರಬಾರದು. ಬೋಲ್ಟ್ ಇಳಿದಾಗ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ತೂತು ನೀರಿನ ಜಾಕೆಟ್ಟಿಗೆ ತೆರೆದಿದ್ದರೆ ಆ ಥ್ರೆಡ್ಡಿಗೆ ಸೀಲಂಟ್ ಬೇಕು.

ಬಿಗಿಯುವ ಕ್ರಮ ನಡುವಿನಿಂದ ಹೊರಗೆ, ಮೂರು ನಾಲ್ಕು ಹಂತದಲ್ಲಿ. ಕೋನ ಹಿಡಿದು ಬಿಗಿಯುವ, ಹಿಗ್ಗುವ ಬೋಲ್ಟುಗಳಾದರೆ ಹೊಸವೇ ಬೇಕು. ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಬಳಿಯಬೇಡಿ. ತಯಾರಕರು ಹೇಳದ ಹೊರತು ಒಣಗಿದ್ದನ್ನೇ ಹಾಕಿ.

ಪಿಸ್ಟನ್ ಹೆಡ್ಡಿಗೆ ತಾಗಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಮೆತ್ತನೆಯ ಸೀಸದ ತಂತಿ ಅಥವಾ ಸೋಲ್ಡರ್ ತಂತಿಯ ಚಿಕ್ಕ ತುಂಡುಗಳನ್ನು ಪಿಸ್ಟನ್ನಿನ ಮೇಲೆ, ವಾಲ್ವಿನ ಕೆಳಗೆ ಬಾರದ ಕಡೆ, ಗ್ರೀಸಿನಿಂದ ಅಂಟಿಸಿ. ಬಳಸಲಿರುವ ಗ್ಯಾಸ್ಕೆಟ್ಟಿನಷ್ಟೇ ದಪ್ಪದ್ದನ್ನು ಹಾಕಿ ಹೆಡ್ಡನ್ನು ಪೂರ್ತಿ ಟಾರ್ಕಿಗೆ ಬಿಗಿದು, ಎಂಜಿನ್ನನ್ನು ಕೈಯಿಂದ ಪಿಸ್ಟನ್ ತುದಿ ದಾಟುವಂತೆ ತಿರುಗಿಸಿ, ಮತ್ತೆ ಬಿಚ್ಚಿ. ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಿಂದ ಅಳೆದರೆ ಉಳಿದ ಜಾಗ ಎಷ್ಟೆಂದು ನೇರ ಗೊತ್ತಾಗುತ್ತದೆ. ಕಡಿಮೆ ಬಂದರೆ ದಪ್ಪ ಗ್ಯಾಸ್ಕೆಟ್ ಸಿಗುತ್ತದೆಯೇ ವಿಚಾರಿಸಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ನಿಂತರೆ ಒತ್ತಾಯ ಬೇಡ, ವಾಲ್ವ್ ಟೈಮಿಂಗ್ ನೋಡಿ.

ಇಂಜೆಕ್ಟರ್ ಕೂರಿಸುವಾಗ ಹಳೇ ತಾಮ್ರದ ವಾಷರ್ ಹಾಕಬಹುದಾ?

ಹೊಸದೇ ಲೇಸು. ಸಿಗದಿದ್ದರೆ ಹಳೆಯ ಗಟ್ಟಿ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ತಳದಲ್ಲಿ ಹಳೆಯದೊಂದು ಅಂಟಿ ಕೂತಿಲ್ಲ ಎಂದು ಟಾರ್ಚ್ ಹಾಕಿ ನೋಡಿ. ಎರಡು ವಾಷರ್ ಸೇರಿದರೆ ಇಂಜೆಕ್ಟರ್ ಮೇಲೆ ಉಳಿದು ಹೊಗೆ ಕಟ್ಟುತ್ತದೆ. ತಾಮ್ರದ ಸ್ಲೀವ್ ಇರುವ ಹೆಡ್ಡಾದರೆ, ಅದರ ಸೋರಿಕೆ ಹೆಡ್ ಬಿರುಕಿನಂತೆಯೇ ಕಾಣಿಸುತ್ತದೆ. ಪ್ರೆಶರ್ ಟೆಸ್ಟಿನಲ್ಲಿ ಇದನ್ನು ಬೇರೆಯಾಗಿ ಗ‌ಮನಿಸಲು ಹೇಳಿ.

ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಬಿಗೀಬೇಕಾ?

ಹಳೆಯ ಮಾದರಿಯ ಕಾಂಪೊಸಿಟ್ ಗ್ಯಾಸ್ಕೆಟ್ಟುಗಳು ಮೊದಲ ಕಾವಿಗೆ ಸ್ವಲ್ಪ ಕುಗ್ಗುತ್ತವೆ, ಅವಕ್ಕೆ ಮರುಬಿಗಿತ ಬೇಕು. ಬಿಸಿಯಿದ್ದಾಗಲೋ ತಣ್ಣಗಾದ ಮೇಲೋ ಎಂಬುದನ್ನು ಮ್ಯಾನ್ಯುಯಲ್ ಹೇಳುತ್ತದೆ. ಒಂದೊಂದನ್ನೇ ತುಸು ಸಡಿಲಿಸಿ ಟಾರ್ಕಿಗೆ ತನ್ನಿ, ಆಮೇಲೆ ಟ್ಯಾಪೆಟ್ ಸಂದು ಮರುಹೊಂದಿಸಿ. ಮರುಬಿಗಿತ ಬೇಡ ಎಂದೇ ಮಾಡಿದ ಗ್ಯಾಸ್ಕೆಟ್ಟುಗಳೂ ಇವೆ, ಅವನ್ನು ಮುಟ್ಟಬೇಡಿ. ನೀರು ಸೇರಿದ್ದ ಎಂಜಿನ್ನಾದರೆ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಎಣ್ಣೆ, ಫಿಲ್ಟರ್ ಮತ್ತೊಮ್ಮೆ ಬದಲಿಸಿ.

ಹೊಸ ಗ್ಯಾಸ್ಕೆಟ್, ಫೇಸಿಂಗ್ ಎಲ್ಲಾ ಆಯ್ತು. ಆದ್ರೂ ಮತ್ತೆ ಹೋಯ್ತು, ಯಾಕೆ?

ವೆಟ್ ಲೈನರ್ (ಸುತ್ತ ನೀರು ಹರಿಯುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಇರುವ ಎಂಜಿನ್ನಾದರೆ ಮೊದಲು ಲೈನರಿನ ಎತ್ತರ ಅಳೆಯಿರಿ. ಪ್ರತಿ ಲೈನರೂ ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು, ಎಲ್ಲವೂ ಒಂದೇ ಮಟ್ಟದಲ್ಲಿರಬೇಕು. ಡಯಲ್ ಗೇಜಿನಲ್ಲಿ ಒಂದು ತಗ್ಗಿ ಕಂಡರೆ ಅದರ ಸುತ್ತ ಗ್ಯಾಸ್ಕೆಟ್ಟಿಗೆ ಒತ್ತಡ ಸಿಗುವುದಿಲ್ಲ.

ಅದು ಸರಿಯಿದ್ದರೆ ನೀರಿನ ದಾರಿಯನ್ನು ಸೀಕಾಕಿನಿಂದ ಹೊರಬೀಳುವವರೆಗೂ ಹಿಡಿದು ಹೋಗಿ. ಪಂಪಿನೊಳಗೆ ತಿರುಗುವ ಹಳೆಯ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆ ಬಂದರೆ ಆ ರಬ್ಬರ್ ತುಂಡು ಮುಂದೆ ಎಲ್ಲೋ, ಬಹುತೇಕ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತಿದೆ. ಹೊಸ ಇಂಪೆಲ್ಲರ್ ಹಾಕಿದವರು ಇದನ್ನು ಹುಡುಕುವುದೇ ಇಲ್ಲ. ಎಕ್ಸಾಸ್ಟ್ ಎಲ್ಬೋ ಬಿಚ್ಚಿ ನೋಡಿ: ಮಸಿ ಮತ್ತು ಉಪ್ಪು ಸೇರಿ ದಾರಿ ಬೆರಳು ತೂರದಷ್ಟು ಕಿರಿದಾಗಿರುತ್ತದೆ. ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿಟ್ಟು ತೆರೆಯುತ್ತದೆಯೇ ಪರೀಕ್ಷಿಸಿ, ಮತ್ತು ಅದು ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳಿ. ಕಡಲ ನೀರು ನೇರ ಹರಿಯುವ ಎಂಜಿನ್ನಿಗೆ ಕಡಿಮೆ ಕಾವಿಗೇ ತೆರೆಯುವಂಥದ್ದು ಬೇಕು, ಯಾಕೆಂದರೆ ಸುಮಾರು 60 ಡಿಗ್ರಿ ದಾಟಿದರೆ ಉಪ್ಪು ಗೋಡೆಗೆ ಕಟ್ಟಲು ಶುರುವಾಗುತ್ತದೆ. ಕಾರಿನದ್ದು ಹಾಕಿದರೆ ಹೆಡ್ ಮತ್ತೆ ಮುಚ್ಚಿಕೊಳ್ಳುತ್ತದೆ.

ಸತುವಿನ ಆನೋಡ್ ಇರುವ ಎಂಜಿನ್ನಾದರೆ ಅದನ್ನೂ ತೆಗೆದು ನೋಡಿ. ಅರ್ಧ ಕರಗಿದ್ದರೆ ಬದಲಿಸುವ ಹೊತ್ತಾಗಿದೆ. ಪೂರ್ತಿ ಕರಗಿದ್ದರೆ ಅದರ ಜಾಗದಲ್ಲಿ ಕರಗುತ್ತಿರುವುದು ನಿಮ್ಮ ಹೆಡ್.

ಯಾವಾಗ ರಿಪೇರಿ ಬಿಟ್ಟು ಬೇರೆ ಹೆಡ್ ಹುಡುಕಬೇಕು?

ನೀರಿನ ಗೋಡೆ ಅಲ್ಲಲ್ಲಿ ತೆಳ್ಳಗಾಗಿ ಸುತ್ತಿಗೆಯ ಸಣ್ಣ ಏಟಿಗೇ ಮಂಕು ಸದ್ದು ಕೊಡುತ್ತಿದ್ದರೆ, ಬಿರುಕು ಎರಡಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ನೀರಿನವರೆಗೆ ಇಳಿದಿದ್ದರೆ, ದಪ್ಪ ಆಗಲೇ ಕನಿಷ್ಠ ಮಿತಿಯಲ್ಲಿದ್ದರೆ, ಅಲ್ಯೂಮಿನಿಯಂ ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಬಳಸಿದ ಹೆಡ್ ಕೊಳ್ಳುವಾಗ ಎರಕದ ನಂಬರ್ ಹೊಂದಿಸಿ ನೋಡಿ, ಒಂದೇ ಮಾದರಿಯ ಎಂಜಿನ್ನಿಗೂ ವರ್ಷದಿಂದ ವರ್ಷಕ್ಕೆ ನೀರಿನ ತೂತುಗಳು ಬದಲಾಗಿರಬಹುದು. ಹೊಸ ಗ್ಯಾಸ್ಕೆಟ್ಟನ್ನು ಅದರ ಮೇಲಿಟ್ಟು ಪ್ರತಿ ತೂತನ್ನೂ ಹೋಲಿಸಿ. ದುಡ್ಡು ಕೊಡುವ ಮೊದಲು ಬಿಸಿನೀರಿನ ಪ್ರೆಶರ್ ಟೆಸ್ಟಿಗೆ ಒಪ್ಪುತ್ತಾರೆಯೇ ಕೇಳಿ. ಒಪ್ಪದವರ ಹೆಡ್ ಬೇಡ. ಹಳೆಯದನ್ನೂ ಗುಜರಿಗೆ ಹಾಕಬೇಡಿ. ಅದರ ರಾಕರ್ ಸ್ಟಡ್ಡು, ವಾಲ್ವ್ ಸ್ಪ್ರಿಂಗು, ಕಾಲರುಗಳು ಹೊಸದಾಗಿ ಸಿಗದ ಕಾಲದಲ್ಲಿ ಕೆಲಸಕ್ಕೆ ಬರುತ್ತವೆ.